ವೋಟಿದ್ದವರ ಗಾಡಿ

ನನ್ನಂಥವನು ಕಥೆ ಹೇಳಲು ಕೂತದ್ದಕ್ಕೆ ಓದುವವರು ಮೊದಲು ಕ್ಷಮಿಸಬೇಕು. ಹಗಲೆಲ್ಲ ಬಸವೇಶ್ವರನಗರದ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸಿ, ಸಂಜೆ ರಾಜಾಜಿನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತೇನೆ. ರಾಜಕೀಯದ ಬಗ್ಗೆ ನನಗೆ ಗೊತ್ತಿರುವುದು ಪರೀಕ್ಷೆಗೆ ಸಾಕಾಗುವಷ್ಟು, ಕೆಲವೊಮ್ಮೆ ಅದಕ್ಕೂ ಸಾಲುವುದಿಲ್ಲ. ಆದರೂ ಒಂದು ವೋಟಿನ ವಿಷಯ ಹೇಳದೆ ಇರಲು ಆಗುತ್ತಿಲ್ಲ.

ಭಾನುವಾರ ಮಧ್ಯಾಹ್ನ ನಾನು ಮತ್ತು ಮಧ್ವೇಶ್ ಮಾಗಡಿ ರಸ್ತೆಯ ಒಂದು ಬಾರಿನಲ್ಲಿ ಕೂರುತ್ತೇವೆ. ಒಂದೇ ಬಿಯರ್, ಎರಡು ಗ್ಲಾಸು, ಒಂದು ತಟ್ಟೆ ಕಾಂಗ್ರೆಸ್ ಕಡ್ಲೆಬೀಜ. ಮಧ್ವೇಶ್ ನನ್ನ ಕ್ಲಾಸಿನವನು, ರಾಜಾಜಿನಗರದಲ್ಲೇ ಹುಟ್ಟಿ ಬೆಳೆದವನು. ಅವರ ಮನೆಯಲ್ಲಿ ಈರುಳ್ಳಿ ಕೂಡ ತರುವುದಿಲ್ಲ. ಇವನು ಮನೆಗೆ ಹೋಗುವ ಮುಂಚೆ ಏಲಕ್ಕಿ ಅಗಿಯುತ್ತಾನೆ.

ಒಂದು ಭಾನುವಾರ ಅವನು ಗ್ಲಾಸು ಕೆಳಗಿಟ್ಟು ಕೇಳಿದ, "ನಿನ್ ವೋಟ್ ಎಲ್ಲಿದೆ ಗುರು?"

"ಊರಲ್ಲಿ. ರೋಣದ ಹತ್ರ."

"ಕುಡಿಯೋದು ಇಲ್ಲಿನ ನೀರು, ಬೀಳೋದು ಇಲ್ಲಿನ ಗುಂಡಿಗೆ. ವೋಟ್ ಮಾತ್ರ ನಾನೂರು ಕಿಲೋಮೀಟರ್ ಆಚೆ! ಪಾಲಿಟಿಕಲ್ ಸೈನ್ಸ್ ಓದೋನು ಮಾಡೋ ಕೆಲಸಾನಾ ಮಗಾ ಇದು?"

"ನೀನು ಕಳೆದ ಸಲ ಹಾಕಿದ್ಯಾ?"

"ಕ್ಯೂ ಇತ್ತು ಕಣೋ. ಬಿಸಿಲು ಬೇರೆ."

ಅವನು ನಕ್ಕು ಮರೆತ. ನಾನು ಮರೆಯಲಿಲ್ಲ. ಯಾರಾದರೂ ಹೀಗೆ ತಮಾಷೆಗೆ ಅಂದ ಮಾತು ನನ್ನಲ್ಲಿ ದಿನಗಟ್ಟಲೆ ಉಳಿಯುತ್ತದೆ. ಇನ್ನೊಂದು ಅಳುಕೂ ಇತ್ತು. ಚುನಾವಣೆ ಬಂದಾಗಲೆಲ್ಲ ಬೆಂಗಳೂರಲ್ಲಿರುವ ನಮ್ಮೂರಿನವರನ್ನು ಕರೆದುಕೊಂಡು ಹೋಗಲು ಅಲ್ಲಿಂದ ಗಾಡಿ ಬರುತ್ತದೆ. ಕಳಿಸುವವರು ಚುನಾವಣೆಗೆ ನಿಂತವರು. ಮತದಾರರನ್ನು ಹಾಗೆ ಸಾಗಿಸುವುದು ತಪ್ಪು ಎಂದು ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡ ಮೇಲೂ ಹತ್ತಿ ಹೋಗುವುದು ಸರಿಯೇ? ಮೊಬೈಲಿನಲ್ಲೇ ಅರ್ಜಿ ಹಾಕಿ, ವೋಟನ್ನು ವಿಜಯನಗರದ ನನ್ನ ರೂಮಿನ ವಿಳಾಸಕ್ಕೆ ಬದಲಾಯಿಸಿಕೊಂಡೆ. ಹೊಸ ಕಾರ್ಡು ಬಂದ ದಿನ ಏನೋ ಸಾಧಿಸಿದಂತೆ ಅನಿಸಿತು.

ಅದನ್ನು ಮೊದಲು ತೋರಿಸಿದ್ದು ವಿಜಯಶ್ರೀಗೆ. ಅವಳೂ ನಮ್ಮೂರಿನವಳೇ, ಕೆಳಗಿನ ಓಣಿ. ಹಗಲು ಆರ್‌ಪಿಸಿ ಲೇಔಟಿನ ಮೆಡಿಕಲ್ ಶಾಪಿನಲ್ಲಿ ನಿಲ್ಲುತ್ತಾಳೆ, ಸಂಜೆ ಕ್ಲಾಸಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಕಾರಿಡಾರಿನ ಲೈಟಿನ ಕೆಳಗೆ ಕಾರ್ಡನ್ನು ತಿರುಗಿಸಿ ನೋಡಿದಳು.

"ಫೋಟೋ ಚಲೋ ಬಂದೈತಿ," ಎಂದಳು. ಆಮೇಲೆ, "ಹಂಗಾದ್ರ ಪಂಚಾಯ್ತಿ ಎಲೆಕ್ಷನ್ನಿಗೆ ನೀ ಬರೂದಿಲ್ಲ ಅನ್ನು."

"ಹಬ್ಬಕ್ಕ ಬರ್ತೀನಲ್ಲ."

"ಹಬ್ಬಕ್ಕ ಗಾಡಿ ಬರೂದಿಲ್ಲಲ್ಲ."

ಕಾರ್ಡು ವಾಪಸ್ ಕೊಟ್ಟು ಒಳಗೆ ಹೋದಳು. ಆಗಲೂ ನನಗೆ ತಿಳಿಯಲಿಲ್ಲ. ರೂಮಿಗೆ ಬಂದು ಅನ್ನಕ್ಕೆ ಇಡುವಾಗ ತಿಳಿಯಿತು.

ಕಳೆದ ವಿಧಾನಸಭೆ ಚುನಾವಣೆಗೆ ನಾವಿಬ್ಬರೂ ಅಂಥದೇ ಗಾಡಿಯಲ್ಲಿ ಹೋಗಿದ್ದೆವು. ಜಾಗವಿಲ್ಲದೆ ಅವಳ ಪಕ್ಕ ನಾನು ಕೂರಬೇಕಾಯಿತು. ಹೋಗುವಾಗ ಮಂಡಕ್ಕಿಯ ಪೊಟ್ಟಣ ಇಬ್ಬರ ನಡುವೆ ಇತ್ತು. ಬರುವಾಗ ಶಿರಾ ದಾಟಿದ ಮೇಲೆ ಅವಳು ತನ್ನ ಬೆರಳನ್ನು ನನ್ನ ಬೆರಳಿನ ಪಕ್ಕ ಇಟ್ಟು, ಶಾಯಿಯ ಗುರುತು ಹೋಲಿಸಿ ನೋಡಿದಳು. "ನಿನಗ ದಪ್ಪ ಹಚ್ಯಾರ ನೋಡು. ನಿನ್ನ ಮ್ಯಾಲೆ ಅವರಿಗೆ ಭಾಳ ಅನುಮಾನ," ಎಂದು ನಕ್ಕಳು. ಅಷ್ಟೇ ನಡೆದದ್ದು. ಆಮೇಲೆ ಕ್ಲಾಸಿನಲ್ಲಿ ಅವಳು ಹಿಂದೆ ತಿರುಗಿ ಪುಸ್ತಕ ಕೇಳಿದಾಗಲೆಲ್ಲ ಆ ಉಗುರು ನೋಡುತ್ತಿದ್ದೆ. ಉಗುರು ಬೆಳೆದಂತೆ ಕಪ್ಪು ಗೆರೆ ತುದಿಯತ್ತ ಸರಿಯುತ್ತಿತ್ತು. ನನ್ನ ಉಗುರು ಕತ್ತರಿಸಲು ಮನಸ್ಸು ಬರದೆ, ಪಾರ್ಸೆಲ್ ಟೇಪಿಗೆ ಸಿಕ್ಕಿ ಅದು ತಾನಾಗಿಯೇ ಮುರಿಯುವ ತನಕ ಬಿಟ್ಟಿದ್ದೆ.

ಊರಿನಲ್ಲಿ ಅವಳ ಜೊತೆ ನಿಂತು ಮಾತಾಡುವಂತಿಲ್ಲ, ಓಣಿಗೆ ಓಣಿಯೇ ನೋಡುತ್ತದೆ. ಇಲ್ಲಿ ಅವಳಿಗೆ ಪಿಜಿಯ ಗೇಟು ಹಾಕುವ ಹೊತ್ತಿನ ಚಿಂತೆ, ನನಗೆ ಬಸ್ಸಿನ ಚಿಂತೆ. ಮಾತಿಗೆ ಜಾಗವಿದ್ದದ್ದು ಆ ಗಾಡಿಯಲ್ಲಿ ಮಾತ್ರ. ವಿಳಾಸ ತಿದ್ದುಪಡಿ ಮಾಡಿಸಿಕೊಂಡು ಅದನ್ನು ನಾನೇ ಬಿಟ್ಟುಕೊಟ್ಟಿದ್ದೆ.

ಪಂಚಾಯಿತಿ ಚುನಾವಣೆ ಹತ್ತಿರ ಬಂದಾಗ ಅವಳು ಹೇಳಿದಳು, "ಈ ಸಲ ದಾರಿಯೊಳಗ ನಿನ್ನ ಒಂದು ಮಾತು ಕೇಳೂದಿತ್ತು."

"ಈಗನ ಕೇಳು."

"ಇಲ್ಲಿ ಕೇಳೂದಲ್ಲ ಅದು. ಬೆಲ್ ಹೊಡೀತು ನೋಡು."

ಆ ಭಾನುವಾರ ಬಿಯರ್ ನನಗೆ ಕಹಿಯಾಗಿತ್ತು. ಮಧ್ವೇಶನಿಗೆ ಎಲ್ಲ ಹೇಳಿದೆ.

"ಫೋನಲ್ಲಿ ಕೇಳೋ."

"ಫೋನಲ್ಲಿ ಹೇಳೋ ಮಾತಾದ್ರೆ ಹೇಳ್ತಿದ್ದಳು."

"ಸರಿ, ಹಾಗಾದ್ರೆ ಗಾಡಿ ಕಳಿಸೋನಿಗೇ ಫೋನ್ ಮಾಡು. ಒಂದು ಸೀಟು ಕೊಡು ಅಂತ ಕಾಲು ಹಿಡ್ಕೊ. ಪ್ರಜಾಪ್ರಭುತ್ವ ಆಮೇಲೆ ನೋಡ್ಕೊಳ್ಳೋಣ."

ಈ ಸಲ ಗಾಡಿ ಕಳಿಸುತ್ತಿದ್ದವರು ನಮ್ಮ ವಾರ್ಡಿಗೆ ನಿಂತಿದ್ದ ದ್ಯಾಮಪ್ಪ ಕಾಕಾ. ತಪ್ಪು ಎಂದು ನಾನೇ ಬರೆದುಕೊಂಡಿದ್ದ ಗಾಡಿಗಾಗಿ ಬಾರಿನ ಮೆಟ್ಟಿಲ ಮೇಲೆ ನಿಂತು ಅವರಿಗೆ ಫೋನ್ ಮಾಡಿದೆ.

"ಯಾರು, ಶ್ರೀಶೈಲನ? ನಿನ್ನ ಹೆಸರು ತೆಗೆಸ್ಕೊಂಡೀಯಂತಲ್ಲೋ ತಮ್ಮಾ."

"ಹೌದ್ರಿ ಕಾಕಾ. ಆದ್ರೂ ಬರ್ಬೇಕಂತ ಮಾಡೇನ್ರಿ."

"ಬಂದು ಏನ್ ಮಾಡ್ತಿ? ನನಗ ಚಪ್ಪಾಳಿ ಹೊಡೀತಿ ಏನು? ಹೋದ ಸಲ ಕೈಬೆರಳಷ್ಟು ವೋಟಿನಾಗ ಬಿದ್ದೇನಿ. ವೋಟಿಲ್ಲದವ್ರಿಗೆ ಸೀಟಿಲ್ಲಪ್ಪ. ನಿನ್ನ ಜಾಗದಾಗ ಅಲ್ಲೇ ನಿಮ್ಮ ಬೆಂಗಳೂರಿನ ಬ್ಯಾಡರಹಳ್ಳಿಯೊಳಗ ಇರೂ ಲಕ್ಷ್ಮವ್ವ ಬರಾಕತ್ತಾಳ." ಫೋನ್ ಇಡುವ ಮುಂಚೆ ಮರುಕದಿಂದ ಕೇಳಿದರು, "ಮತ್ತ ಹೊಳ್ಳಿ ಬರೆಸಾಕ ಆಗೂದಿಲ್ಲೇನು?" ಮತದಾರರ ಪಟ್ಟಿ ಆಗಲೇ ಅಚ್ಚಾಗಿತ್ತು.

ಹೊರಡುವ ದಿನ ಸಂಜೆ ವಿಜಯನಗರ ಮೆಟ್ರೋ ಸ್ಟೇಷನ್ನಿನ ಹತ್ತಿರ ಹೋದೆ. ಕೆಂಗೇರಿ ಕಡೆಯವರನ್ನು ತುಂಬಿಕೊಂಡು ಟೆಂಪೋ ಟ್ರಾವೆಲರ್ ಬಂದು ನಿಂತಿತ್ತು. ವಿಜಯಶ್ರೀಯ ಬ್ಯಾಗು ಹಿಡಿದು ಬಾಗಿಲ ತನಕ ಹೋದೆ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಬಿಟ್ಟೆ.

"ವೋಟ್ ಐತೇನಣ್ಣ?" ಎಂದ ಡ್ರೈವರ್.

ಒಳಗಿದ್ದವರೆಲ್ಲ ನಕ್ಕರು. ಲಕ್ಷ್ಮವ್ವ ಆಗಲೇ ಕೂತು ಕಾಲ ಬಳಿ ರೊಟ್ಟಿಯ ಗಂಟು ಇಟ್ಟುಕೊಂಡಿದ್ದರು. "ಅಂವಾ ಬೆಂಗಳೂರಾಂವ ಆಗ್ಯಾನ ಬಿಡ್ರಿ. ಬಾರವ್ವ ವಿಜಯಾ, ಕಿಟಕಿ ಕಡೆ ನೀ ಕುಂಡ್ರು," ಎಂದು ಸರಿದು ಜಾಗ ಮಾಡಿದರು. ನಾನು ಬ್ಯಾಗು ಒಳಗೆ ಕೊಟ್ಟು ಕಾಲು ತೆಗೆದೆ. ವಿಜಯಶ್ರೀ ಗಾಜಿನ ಒಳಗಿಂದ ತನ್ನ ಬರಿಯ ಬೆರಳನ್ನು ಎತ್ತಿ ತೋರಿಸಿದಳು. ನಾನೂ ನನ್ನದನ್ನು ಎತ್ತಿದೆ. ಟ್ರಾಫಿಕ್ಕಿನಲ್ಲಿ ಗಾಡಿ ತುಂಬ ಹೊತ್ತು ಮುಂದೆ ಹೋಗಲಿಲ್ಲ. ಅಷ್ಟು ಹತ್ತಿರ, ಅಷ್ಟು ಹೊತ್ತು ನಿಂತೇ ಇತ್ತು. ನಡೆದು ಹೋಗಿ ಗಾಜು ತಟ್ಟಬಹುದಿತ್ತು. ತಟ್ಟಿ ಏನು ಹೇಳುವುದೆಂದು ಯೋಚಿಸುತ್ತಿರುವಾಗ ಸಿಗ್ನಲ್ ಬಿಟ್ಟಿತು.

ಅವಳು ಮರಳಿ ಬಂದಳು. ದ್ಯಾಮಪ್ಪ ಕಾಕಾ ಈ ಸಲವೂ ಸೋತರು. ಸೋತದ್ದು ಒಂದು ವೋಟಿನಿಂದಲ್ಲ ಎಂದು ವಿಚಾರಿಸಿ ತಿಳಿದುಕೊಂಡ ಮೇಲೆ ನನಗೆ ನಿದ್ದೆ ಬಂತು. ಅವಳ ಬೆರಳಲ್ಲಿ ಹೊಸ ಶಾಯಿ ಇತ್ತು. ಕ್ಲಾಸು ಮುಗಿದ ಮೇಲೆ ಮೆಟ್ಟಿಲು ಇಳಿಯುತ್ತಾ ಕೇಳಿಯೇಬಿಟ್ಟೆ.

"ದಾರಿಯೊಳಗ ಏನೋ ಕೇಳೂದೈತಿ ಅಂದಿದ್ದಿಯಲ್ಲ?"

"ಹ್ಞೂಂ. ಕೇಳಿದೆ."

"ಯಾರನ್ನ?"

"ಬಾಜೂ ಲಕ್ಷ್ಮವ್ವ ಇದ್ಲಲ್ಲ, ಆಕಿನ್ನ." ಅವಳು ಮುಖ ನೋಡಲಿಲ್ಲ, ಆದರೆ ಸಿಟ್ಟಿನಲ್ಲೂ ಇರಲಿಲ್ಲ.

"ಏನಂದ್ಲು?"

"ಚಲೋ ಹೇಳಿದ್ಲು," ಎಂದು ದುಪಟ್ಟಾ ಸರಿಮಾಡಿಕೊಂಡು ಪಿಜಿಯ ಕಡೆ ನಡೆದಳು.

ಈಗಲೂ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ. ಪುಸ್ತಕ ಕೇಳುತ್ತಾಳೆ. ಕಪ್ಪು ಗೆರೆ ಉಗುರಿನ ಅರ್ಧಕ್ಕೆ ಬಂದಿದೆ. ಇಲ್ಲಿ ವಾರ್ಡಿನ ಚುನಾವಣೆ ಬರುತ್ತದೆ, ಬರುತ್ತದೆ ಎನ್ನುತ್ತಾರೆ. ನನ್ನ ಹೊಸ ವೋಟನ್ನು ಇನ್ನೂ ಹಾಕಿಲ್ಲ. "ಬ್ಯಾಡರಹಳ್ಳಿ ಏನು ಅಮೆರಿಕಾನಾ? ಹೋಗಿ ಆ ಅಜ್ಜೀನ ಕೇಳೋ," ಎಂದು ಮಧ್ವೇಶ್ ಪ್ರತಿ ಭಾನುವಾರ ಬೈಯುತ್ತಾನೆ. ಹೋಗಬಹುದು. ನನ್ನನ್ನು ಕೇಳಬೇಕಿದ್ದ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಸರಿಯೋ ಎಂದು ಯೋಚಿಸುತ್ತಾ ಉಳಿದಿದ್ದೇನೆ.

ಅವಳು ಏನು ಕೇಳಬೇಕೆಂದಿದ್ದಳೋ ನನಗೆ ಗೊತ್ತಿಲ್ಲ. ಲಕ್ಷ್ಮವ್ವ ಏನು ಹೇಳಿದರೋ ಗೊತ್ತಿಲ್ಲ. ಆ ಮಾತು ನನಗೆ ಸಂಬಂಧಿಸಿದ್ದೋ ಅಲ್ಲವೋ, ಅದೂ ಗೊತ್ತಿಲ್ಲ.