ತೊಯ್ಸಿ ನೋಡಿದ ಡಿಸ್ಕ್

ನಾನು ಒಂದು ಹಾರ್ಡ್ ಡಿಸ್ಕ್. ಡಬ್ಬಿ ಅಲ್ಲ. ಬನಹಟ್ಟಿಯಲ್ಲಿ ನನ್ನನ್ನು ವರ್ಷಗಟ್ಟಲೆ ಡಬ್ಬಿ ಎಂದೇ ಕರೆದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಧೂಳಿನ ಕಣವೂ ಸುಳಿಯದ ಕಾರ್ಖಾನೆಯಲ್ಲಿ ಹುಟ್ಟಿ, ನೂಲಿನ ಎಳೆ ಗಾಳಿಯಲ್ಲೇ ತೇಲುವ ಊರಿಗೆ ಬಂದು ಬಿದ್ದೆ.

ಅಲ್ಲಿ ಕಸ್ತೂರಕ್ಕ ಸೀರೆ ಡಿಸೈನ್ ಸೆಂಟರ್ ನಡೆಸುತ್ತಿದ್ದರು. ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗ್ಗದವರಿಗೆ ಕೊಡುವ ಕೆಲಸ. ಎಲ್ಲವೂ ಒಂದೇ ಸರ್ವರಿನಲ್ಲಿ ಇರುತ್ತಿತ್ತು. ಅವರ ಮೈದುನ ಶ್ರೀಶೈಲ ಶನಿವಾರಕ್ಕೊಮ್ಮೆ ಡಿಸೈನುಗಳನ್ನಷ್ಟೇ ನನ್ನೊಳಗೆ ಕಾಪಿ ಮಾಡಿ, ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದ. ಆ ಕಾಪಿಯಿಂದ ಸರ್ವರನ್ನು ಮತ್ತೆ ಎಬ್ಬಿಸಲಾದೀತೇ ಎಂದು ಒಮ್ಮೆಯೂ ನೋಡಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಏರಿಳಿದು ಸರ್ವರ್ ಸುಟ್ಟಿತು. ಡಿಸೈನುಗಳೆಲ್ಲ ನನ್ನಲ್ಲಿದ್ದವು. ಆದರೆ ಅವನ್ನು ತೆರೆಯುವ ಪ್ರೋಗ್ರಾಮು, ಒಂದೊಂದು ಮಗ್ಗಕ್ಕೂ ಕೂರಿಸಿದ್ದ ಸೆಟ್ಟಿಂಗು ನನಗೆ ಯಾರು ಕೊಟ್ಟಿದ್ದರು? ಹೊಸ ಸರ್ವರ್ ತಂದು ಎಲ್ಲವನ್ನೂ ಹೊಸದಾಗಿ ಹಾಕುವಷ್ಟರಲ್ಲಿ ಮದುವೆ ಸೀರೆಗಳ ಅರ್ಧ ಕೆಲಸ ಬೇರೆ ಸೆಂಟರಿಗೆ ಹೋಗಿತ್ತು.

"ಈ ಡಬ್ಬಿ ಕೈಕೊಡ್ತು ವೈನಿ," ಎಂದ ಶ್ರೀಶೈಲ. ನಾನೇ? ಕೊಟ್ಟದ್ದನ್ನು ಒಂದೆಳೆ ಬಿಡದೆ ಇಟ್ಟುಕೊಂಡಿದ್ದೆ!

"ಇನ್ನೊಮ್ಮೆ ಹಿಂಗಾದ್ರ ಬಾಗಲಾ ಹಾಕೂದ ಮತ್ತ," ಎಂದರು ಕಸ್ತೂರಕ್ಕ. ಇಡೀ ಯಂತ್ರವನ್ನೇ, ಇದ್ದದ್ದು ಇದ್ದ ಹಾಗೆ ನಕಲು ಮಾಡಿಡುವ ಸಾಫ್ಟ್‌ವೇರ್ ಹುಡುಕಲು ಹೊರಟರು.

ಶ್ರೀಶೈಲನಿಗೆ ಸುಲಭದ ದಾರಿ ಸಿಕ್ಕಿತು. "ನಮ್ಮ ಗೆಳೆಯ ಕದ್ದ ಕಾಪಿ ಹಾಕಿಕೊಡ್ತಾನ. ಪುಕ್ಕಟೆ!"

"ನಮ್ಮ ಅಂಚು ಯಾರರ ಕದ್ದ್ರ ಊರು ಒಂದು ಮಾಡ್ತಿ. ಈಗ ನೀನ ಕದಿಯಾಕ ಹೊಂಟಿಯೇನು?"

ಆಮೇಲೆ ಹುಬ್ಬಳ್ಳಿಯಿಂದ ಒಬ್ಬ ಏಜೆಂಟ್ ಬಂದ. ಅವನ ಸಾಫ್ಟ್‌ವೇರಿಗೆ ಕಂಪ್ಯೂಟರಿಗೊಂದು ಲೈಸೆನ್ಸ್, ಸರ್ವರಿಗೆ ಬೇರೆ, ಅದೂ ಪ್ರತಿ ವರ್ಷ. ರೇಟು ಕೇಳಿ ಶ್ರೀಶೈಲ ಕುರ್ಚಿ ಹಿಡಿದುಕೊಂಡ.

"ದೊಡ್ಡ ದೊಡ್ಡ ಕಂಪನಿಯವ್ರು ಇದನ್ನ ಹಾಕ್ಯಾರ್ರೀ ಅಕ್ಕಾರ."

"ಹಾಕ್ಲಿ ಬಿಡ್ರಿ. ನಾವು ನೂಲು ತಗೋಬೇಕಾದ್ರ ತೊಯ್ಸಿ, ಬಿಳಿ ಬಟ್ಟಿಗೆ ತಿಕ್ಕಿ, ಬಣ್ಣ ಬಿಡತೈತೇನ ನೋಡ್ತೀವಿ. ಇದನ್ನೂ ತೊಯ್ಸಿ ತೋರಸ್ರಿ. ಈ ಡಿಸ್ಕ್‌ನಾಗ ನಕಲು ಇಡ್ರಿ, ಖಾಲಿ ಕಂಪ್ಯೂಟರಿನಾಗ ಎಬ್ಬಸ್ರಿ."

"ಮೊದ್ಲ ತಗೋರಿ, ಆಮ್ಯಾಲೆ ತೋರಸ್ತೀವಿ."

"ಹಂಗಾರ ಚಾ ಕುಡದು ಹೋಗ್ರಿ."

ಜಗಲಿಯ ಮೇಲೆ ಕೂತಿದ್ದ ನನಗೆ ಅಂದು ಕುಣಿಯಬೇಕು ಎನ್ನಿಸಿತು. ಕೊನೆಗೂ ಒಬ್ಬರು ನನಗೆ ಕೈಮುಗಿಯದೆ ಕೆಲಸ ಕೇಳಿದ್ದರು.

ಒಂದು ಸಣ್ಣ ಕಂಪನಿಯವರು ತಿಂಗಳ ಮಟ್ಟಿಗೆ ಪುಕ್ಕಟೆ ಬಳಸಿ ನೋಡಲು ಕೊಟ್ಟರು. ಶ್ರೀಶೈಲ ತನ್ನ ಕಂಪ್ಯೂಟರಿನ ಪೂರ್ತಿ ನಕಲನ್ನು ನನ್ನೊಳಗೆ ಇಳಿಸಿದ. ಕಸ್ತೂರಕ್ಕ ಆ ಕಂಪ್ಯೂಟರಿನ ಒಳಗಿನ ಡಿಸ್ಕ್ ಬಿಚ್ಚಿಸಿ, ಖಾಲಿ ಡಿಸ್ಕ್ ಹಾಕಿಸಿದರು. ನನಗೆ ಕೇಬಲ್ ಚುಚ್ಚಿದಾಗ ಹೆದರಿದ್ದು ನಿಜ. ಆದರೂ ಹಟ ಹಿಡಿದು ತಿರುಗಿದೆ, ಎಳೆ ಎಳೆಯಾಗಿ ಕೊಟ್ಟೆ. ಪರದೆ ಬೆಳಗಿತು. ಅರ್ಧಕ್ಕೆ ನಿಂತಿದ್ದ ನವಿಲಿನ ಸೆರಗು ಅದೇ ಜಾಗದಲ್ಲಿ ತೆರೆದುಕೊಂಡಿತು.

"ಬಣ್ಣ ಬಿಡ್ಲಿಲ್ಲ," ಎಂದು ಕಸ್ತೂರಕ್ಕ ನಕ್ಕರು.

ಹೊಸ ಸರ್ವರಿಗೆ ಆ ಸಾಫ್ಟ್‌ವೇರ್ ನಡೆಯಲಿಲ್ಲ. ಬೇರೆ ಆವೃತ್ತಿ ಬೇಕೆಂದು ಕಂಪನಿಯವರೇ ಫೋನಿನಲ್ಲಿ ಹೇಳಿದರು. ಅದನ್ನೂ ತರಿಸಿ, ತೊಯ್ಸಿ ನೋಡಿಯೇ ಕೊಂಡರು. ಅಂದಿನಿಂದ ಸೆಂಟರಿನಲ್ಲಿ ಆ ಪರೀಕ್ಷೆಗೆ ತೊಯ್ಸೋದು ಎಂದೇ ಹೆಸರಾಯಿತು. ಮುಂದೊಂದು ದಿನ, ಮದುವೆಯ ಹಂಗಾಮಿನಲ್ಲೇ ಸರ್ವರ್ ಮತ್ತೆ ಸತ್ತಿತು. ಸಂಜೆಯೊಳಗೆ ನಾನು ಅದನ್ನು ಎಬ್ಬಿಸಿ ನಿಲ್ಲಿಸಿದೆ. ಒಂದು ಮಗ್ಗದವರೂ ಬೇರೆ ಕಡೆ ಹೋಗಲಿಲ್ಲ.

ಈಗ ನನಗೆ ವಯಸ್ಸಾಯಿತು. ತಿರುಗುವಾಗ ಕಟಕಟ ಸದ್ದು ಬರುತ್ತದೆ, ನೂಲಿನ ಖಾಲಿ ರೀಲುಗಳ ಜೊತೆ ಕಪಾಟಿನಲ್ಲಿದ್ದೇನೆ. ಗುಜರಿಯವನು ಬಂದಾಗಲೆಲ್ಲ ಶ್ರೀಶೈಲನ ಕಣ್ಣು ಇತ್ತ ಹೊರಳುತ್ತದೆ. ಹೊರಳಲಿ.

ಮೊನ್ನೆ ಹೊಸ ಡಿಸ್ಕ್ ಬಂತು. ಶ್ರೀಶೈಲ ಹಳೆ ಚಾಳಿಯಂತೆ ಅದನ್ನು ಜಗಲಿಗೆ ಏರಿಸಲು ಹೋದ.

"ಕೆಳಗ ಇಳಸ ಅದನ್ನ," ಎಂದರು ಕಸ್ತೂರಕ್ಕ. "ಮೊದ್ಲ ತೊಯ್ಸಿ ನೋಡು. ವಿಭೂತಿ ಆಮ್ಯಾಲೆ."

ಹೊಸಬನಿಗೆ ಕೇಬಲ್ ಚುಚ್ಚಿದರು. ನನಗೆ ಹೊಟ್ಟೆ ಉರಿಯಿತು: ಕೇಬಲ್ ಅವನಿಗೇ ಏಕೆ? ಇತ್ತ ತನ್ನಿ. ಕಟಕಟ ಅಂದರೂ ಪರವಾಗಿಲ್ಲ, ನನ್ನನ್ನೂ ಇನ್ನೊಮ್ಮೆ ಕೇಳಿ ನೋಡಿ.