ತೂಕಕ್ಕೆ ನಿಂತವರು

“ಇಳೀಲೇ ಕೆಳಗ. ನಿನ್ನ ತೂಗೋದೂ ಒಂದ, ಖಾಲಿ ಚೀಲ ತೂಗೋದೂ ಒಂದ.”

ಮೇಸ್ತ್ರಿ ಕರಿಸಿದ್ದಪ್ಪ ಬೆತ್ತದ ತುದಿಯಿಂದ ಹುಲುಗಮ್ಮನನ್ನು ಕಾಟಾದ ಮೇಲಿನಿಂದ ಸರಿಸಿದ. ಕೈಯಿಂದ ಮುಟ್ಟುವಂತಿರಲಿಲ್ಲವಲ್ಲ. ಸಾವುಕಾರ ಶಿವಯೋಗಪ್ಪನ ಎಣ್ಣೆ ಮಿಲ್ಲಿನ ಅಂಗಳದಲ್ಲಿ ಶೇಂಗಾ ಚೀಲ ತೂಗುವ ಕಾಟಾ ಅದು. ಇವತ್ತು ಅದರ ಕಬ್ಬಿಣದ ತಟ್ಟೆಯ ಮೇಲೆ ಗೋಣಿತಾಟು ಹಾಸಿದ್ದರು. ಮಾದಿಗರ ಕೇರಿಯ ಪಾದ ಕಬ್ಬಿಣಕ್ಕೆ ತಾಗಬಾರದು, ತೂಕ ಮಾತ್ರ ತಾಗಬೇಕು.

ಅವಳ ಹಿಂದೆ ಹಂಪಮ್ಮ ಹತ್ತಿದಳು. ಹುಲುಗಮ್ಮನ ಮೈದುನನ ಹೆಂಡತಿ. ಕಾಟಾದ ಕಂಬಿ ಟಣ್ಣಂತ ಮೇಲೆದ್ದು ಬಡಿಯಿತು. ಕರಿಸಿದ್ದಪ್ಪ ಹಲ್ಲು ಬಿಟ್ಟ.

“ಇದು ನೋಡು ಮಾಲು.”

ಚೀಲಗಳಿಗೆ ಗುರುತು ಹಾಕುವ ಕಪ್ಪು ಬಣ್ಣದಲ್ಲಿ ಬ್ರಷ್ಷು ಅದ್ದಿ ಹಂಪಮ್ಮನ ಮುಂಗೈಗೆ ಒಂದು ಗೀರು ಎಳೆದ. ಗೀರು ಬಿದ್ದವರಿಗೆ ಸೇತುವೆಯ ಕೆಲಸ, ಮಧ್ಯಾಹ್ನ ಹುಗ್ಗಿ ಊಟ. ಹಂಪಮ್ಮ ಕೈಯನ್ನು ಬಿಸಿಲಿಗೆ ಹಿಡಿದು, ಬಳೆ ತೊಟ್ಟವಳ ಹಾಗೆ ಅತ್ತಿತ್ತ ತಿರುಗಿಸಿ ನೋಡಿಕೊಂಡಳು.

“ಅಕ್ಕಾ, ನೀ ಮನಿ ನೋಡ್ಕೋ. ಹುಗ್ಗಿ ಉಳದ್ರ ಸೆರಗಿನಾಗ ಕಟಿಗೊಂಡು ಬರ್ತೀನಿ.”

ಹುಲುಗಮ್ಮನ ಒಳಗೆ ಯಾರೋ ಒಣಮೆಣಸಿನಕಾಯಿ ಸುಟ್ಟ ಹಾಗಾಯಿತು.

ಸೇತುವೆ ಹಳೆಯದು. ತಂಬ್ರಹಳ್ಳಿ ಕಡೆಯ ರಸ್ತೆಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಬಿಳಿಯರ ಕಾಲದಲ್ಲಿ ಕಟ್ಟಿದ ಕಲ್ಲಿನ ಕಮಾನು. ನಡುಗಮಾನಿನಲ್ಲಿ ಬಿರುಕು ಬಿಟ್ಟು, ಅದರಲ್ಲಿ ಅರಳಿ ಗಿಡ ಹುಟ್ಟಿ, ಗಿಡ ಕಡಿದರೂ ಬೇರು ಬೆಳೆಯುತ್ತಲೇ ಇತ್ತು. ಬಸ್ಸಿನವರು ಜನರನ್ನು ಈಚೆ ದಡದಲ್ಲಿ ಇಳಿಸಿ, ಖಾಲಿ ಬಸ್ಸು ದಾಟಿಸಿ, ಆಚೆ ಹತ್ತಿಸಿಕೊಳ್ಳುತ್ತಿದ್ದರು. ಬಾಣಂತಿಯರು, ಮುದುಕರು, ಕಚೇರಿಗೆ ಹೋಗುವವರು ಎಲ್ಲರೂ ಜೀವ ಕೈಯಲ್ಲಿ ಹಿಡಿದು ನಡೆದೇ ದಾಟುವರು. ಪೇಪರಿನಲ್ಲಿಯೂ ಬಂತು. ಆಮೇಲೆ ಲೋಡಿನ ಲಾರಿ ಹೋಗಕೂಡದೆಂದು ಎರಡೂ ತುದಿಗೆ ಅಡ್ಡ ಬಿದಿರಿನ ಗಳ ಕಟ್ಟಿದರು. ಸಾವುಕಾರನ ಶೇಂಗಾ ಲಾರಿಗಳು ಕೊಟ್ಟೂರು ಸುತ್ತಿ ಹೋಗಬೇಕಾಯಿತು. ಸಾವುಕಾರ ಅದನ್ನು ಎಷ್ಟು ದಿನ ತಡೆದುಕೊಂಡಾನು? ಓಡಾಡಿದ, ರಸ್ತೆ ಇಲಾಖೆಯ ಓವರ್‌ಸಿಯರನನ್ನು ಮನೆಗೆ ಕರೆದು ಉಣ್ಣಿಸಿದ. ಸೇತುವೆಯ ಮೇಲೆ ಭಾರ ಹೇರಿ ನೋಡೋಣ, ತಡೆದರೆ ಗಳ ಬಿಚ್ಚೋಣ ಎಂದು ಠರಾವಾಯಿತು.

ಕೇರಿಗೆ ಈ ಮಾತು ಬಂದದ್ದು ಬೇರೆ ರೂಪದಲ್ಲಿ. “ಒಂದು ದಿನ ಸೇತುವಿ ಮ್ಯಾಲ ನಿಂತ್ರ ಸಾಕು. ಮಧ್ಯಾಹ್ನ ಗೋದಿ ಹುಗ್ಗಿ. ನಿಂತವರನ್ನ ರೋಡಿನ ಗ್ಯಾಂಗಿಗೆ ತಗೋತಾರ,” ಎಂದಿದ್ದ ಕರಿಸಿದ್ದಪ್ಪ. ಗ್ಯಾಂಗು ಅಂದರೆ ವರ್ಷವಿಡೀ ಕೆಲಸ. ಗಂಡಸರೆಲ್ಲ ಭತ್ತ ಕೊಯ್ಯಲು ಗಂಗಾವತಿ ಕಡೆ ಹೋಗಿದ್ದರು, ಹುಲುಗಮ್ಮನ ಗಂಡ ದುರುಗಪ್ಪನೂ, ಅವನ ತಮ್ಮ, ಹಂಪಮ್ಮನ ಗಂಡನೂ. ಹೆಂಗಸರು, ಮುದುಕರು ಸಾಲು ಹಚ್ಚಿದರು. ನಿಲ್ಲುವುದಕ್ಕೆ ತೂಕ ಯಾಕೆ ನೋಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಗಟ್ಟಿಮುಟ್ಟಾದವರು ಬೇಕಿರಬೇಕು, ಎತ್ತು ಕೊಳ್ಳುವಾಗ ನೋಡುವುದಿಲ್ಲವೇ, ಅಂದುಕೊಂಡರು.

ಆ ಸಂಜೆ ಹುಲುಗಮ್ಮ ರೊಟ್ಟಿ ಬಡಿಯುತ್ತ ಹಂಪಮ್ಮನದೇ ಧ್ಯಾನ ಮಾಡಿದಳು. ಹೋದ ವರ್ಷದ ತನಕ ಇಬ್ಬರದೂ ಒಂದೇ ಒಲೆ. ಒಂದೇ ಜೋಳ, ಒಂದೇ ಪುಂಡಿಪಲ್ಲೆ. ಅದೇ ರೊಟ್ಟಿ ಅವಳ ಮೈಗೆ ಹತ್ತಿತು, ಇವಳ ಮೈಗೆ ಹತ್ತಲಿಲ್ಲ. ಮೂರು ಹೆತ್ತು ಇವಳು ಸೊರಗಿದಳು, ಒಂದು ಹೆತ್ತು ಅವಳು ಉಬ್ಬಿದಳು. ಅತ್ತೆ ಸಾಯುವಾಗ ಕಾಲ್ಗಡಗ ಕೊಟ್ಟದ್ದು ಯಾರಿಗೆ? ಕಿರಿಯಳಿಗೆ. ರಬ್ಬರ್ ಚಪ್ಪಲಿ ಮೆಟ್ಟಿ ಚಟ್ ಚಟ್ ಎಂದು ಕೇರಿಯ ಈ ತುದಿಯಿಂದ ಆ ತುದಿಗೆ ನಡೆಯುವವಳು ಯಾರು? ಈಗ ಗ್ಯಾಂಗೂ ಅವಳಿಗೇ. ಹುಲುಗಮ್ಮನ ಹಂಚಿನ ಮೇಲಿನ ರೊಟ್ಟಿ ಸೀದು ಕರಕಲಾಯಿತು.

ಮರುದಿನ ಬೆಳಗ್ಗೆ, ಇನ್ನಷ್ಟು ಜನ ಬೇಕೆಂದು ಕಾಟಾ ಮತ್ತೆ ಇಟ್ಟರು. ಹುಲುಗಮ್ಮ ಹಳ್ಳದ ದಂಡೆಯಿಂದ ದುಂಡುಗಲ್ಲು ಆರಿಸಿ, ಸೀರೆಯ ಒಳಮಡಿಕೆಯಲ್ಲಿ ಉಡಿ ಕಟ್ಟಿ, ಮೇಲೆ ಸೆರಗು ಬಿಗಿದು ಹೋದಳು. ಬಸುರಿಯ ಹಾಗೆ ನಡೆದಳು. ಕಂಬಿ ಎದ್ದಿತು. ಕರಿಸಿದ್ದಪ್ಪ ಹುಬ್ಬು ಏರಿಸಿದ. “ರಾತ್ರಿ ಏನು ತಿಂದೆಲೇ?” ಎಂದು ಬ್ರಷ್ಷು ಅದ್ದಿದ. ಗೀರು ಬಿತ್ತು. ಹುಲುಗಮ್ಮನ ಕಣ್ಣು ಮೊದಲು ಹಂಪಮ್ಮನನ್ನು ಹುಡುಕಿತು. ಆ ಅವಸರದಲ್ಲಿ ಕಾಟಾದಿಂದ ಇಳಿಯುವಾಗ ಮಡಿಕೆ ಸಡಿಲವಾಗಿ ಕಲ್ಲುಗಳು ತಟ್ಟೆಯ ಮೇಲೆ ಢಣಢಣ ಉರುಳಿದವು.

ಮೊದಲು ನಕ್ಕವಳು ಹಂಪಮ್ಮ.

ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಶಿವಯೋಗಪ್ಪ ಉಗುಳಿ ಬಂದ. “ತೂಕದಾಗ ಮೋಸ. ಅದೂ ನನ್ನ ಕಾಟಾದ ಮ್ಯಾಲ.”

ಸಾಲಿನಲ್ಲಿದ್ದ ಮುದುಕಿ ಗಾದೆಮ್ಮ ಸೆರಗಿನೊಳಗೆ ಗೊಣಗಿದಳು. “ಆ ಕಾಟಾಕ್ಕ ಮೋಸ ಏನು ಹೊಸದೇನವ್ವ? ಸುಗ್ಗಿಯಾಗ ರೈತರ ಚೀಲ ಕಡಿಮಿ ತೂಗ್ತೈತಿ, ಆಗ ಅದರ ಮ್ಯಾಲ ನಿಂತ್ರ ನಾನೂ ಮೈನೆರೆದ ಹುಡುಗಿ ಆಗ್ತೀನಿ.” ಸಾಲು ಕುಲುಕುಲು ಅಂತು.

ಕರಿಸಿದ್ದಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಬೋಸುಡಿ, ನನ್ನ ಮರ್ಯಾದಿ ಕಳದ್ಯಲ್ಲ. ಆ ಕಲ್ಲು ತಲಿ ಮ್ಯಾಲ ಇಟಗೊಂಡು ಕುಕ್ಕರಗಾಲಿಲೆ ಕುಂದ್ರು. ಎಲ್ಲಾರ ತೂಕ ಮುಗಿಯೋ ತನಕ.”

ಕುಳಿತಳು. ಗೀರು ಬಿದ್ದವರ ಪಾದಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ದಾಟಿ ಹೋದವು. ರಬ್ಬರ್ ಚಪ್ಪಲಿ ಕೈಯಲ್ಲಿ ಹಿಡಿದ ಹಂಪಮ್ಮನ ಪಾದಗಳೂ ದಾಟಿದವು. ಕುತ್ತಿಗೆ ಸೆಟೆದು ನೋವಾಗುತ್ತಿದ್ದರೂ ಹುಲುಗಮ್ಮನಿಗೆ ಆ ನಗೆಯೊಂದೇ ಕೇಳುತ್ತಿತ್ತು.

ಕೊನೆಗೆ ಓವರ್‌ಸಿಯರು ಅವಳನ್ನು ನೋಡಿದ. “ಇಕಿ ಸಣ್ಣಾಕಿ ಅದಾಳ. ಕಮಾನಿನ ಕೆಳಗ ಕುಂದ್ರಾಕ ಇಕಿ ಸಾಕು.”

ನಡುಗಮಾನಿನ ಬಿರುಕಿಗೆ ಅಡ್ಡಲಾಗಿ ಗಾರೆ ಹಚ್ಚಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದರು. ಅದನ್ನು ನೋಡುತ್ತ ಕೂರುವುದು ಅವಳ ಕೆಲಸ. ಓವರ್‌ಸಿಯರು ಕೆಳಗಿಳಿಯಲಿಲ್ಲ. ದಡದ ಹೊಂಗೆ ಮರದ ನೆರಳಿನಿಂದಲೇ ಕೂಗಿ ಹೇಳಿದ.

“ಗಾಜು ಒಡದ್ರ ಒದರು.”

“ಒಡದ್ರ ಏನಾಕ್ಕೈತ್ರಿ?”

“ಅದು ನಿನಗ್ಯಾಕ?”

ಬೇಸಿಗೆಯ ಹಳ್ಳ ಒಣಗಿ ಉಸುಕು ಕಾಯ್ದಿತ್ತು. ತಲೆಯ ಮೇಲೆ ಕೇರಿಯ ಪಾದಗಳು ಗಜಬಜ ನಡೆದು ಬಂದು, ನಡುಗಮಾನಿನ ಮೇಲೆ ಒತ್ತೊತ್ತಾಗಿ ನಿಂತವು. ದಡದಲ್ಲಿ ಕೊಪ್ಪರಿಗೆ ಏರಿಸಿದ್ದರು. ಬೆಲ್ಲ ಕರಗುವ ವಾಸನೆ ಕಮಾನಿನೊಳಗೂ ಇಳಿಯಿತು. ಕಲ್ಲಿನ ಮೂಲಕ ಹಂಪಮ್ಮನ ದನಿ. ಏನೋ ಪೋಲಿ ಮಾತು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲಿ ಹೋದರೂ ಜನ ಅವಳ ಸುತ್ತಲೇ ಯಾಕೆ ಸೇರಬೇಕು?

ನೆರಳಿನಲ್ಲಿ ಸಾವುಕಾರ ಮತ್ತು ಓವರ್‌ಸಿಯರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕೆಳಗೆ ಹುಲುಗಮ್ಮ ಇರುವುದು ಅವರ ಲೆಕ್ಕಕ್ಕೇ ಇರಲಿಲ್ಲ. ದನದ ಮುಂದೆ ಮಾತಾಡಿದ ಹಾಗೆ ಮಾತಾಡಿದರು.

“ಉಸುಕಿನ ಚೀಲ ಹೇರಿ ನೋಡ್ರಿ ಅಂತ ಮ್ಯಾಲಿನವರು ಹೇಳ್ಯಾರ ಸಾವ್ಕಾರ್ರ. ನಾಳಿ ಕೇಳಿದ್ರ?”

“ಚೀಲ ತುಂಬಬೇಕು, ಹೊರಬೇಕು, ಹಾಕಬೇಕು, ಮತ್ತ ಹೊತ್ತು ತಗೀಬೇಕು. ಇವು ತಾವ ನಡಕೊಂಡು ಬರ್ತಾವ, ತಾವ ನಡಕೊಂಡು ಹೋಗ್ತಾವ. ಚೀಲ ಅಂತ ಬರಕೋ.”

“ಬಿದ್ರ?”

“ಬಿದ್ರ ನನ್ನ ಲಾರಿ ಅಂತೂ ಉಳೀತಲ್ಲೋ.”

ಓವರ್‌ಸಿಯರು ನಗಲೋ ಬೇಡವೋ ಎಂಬಂತೆ ನಕ್ಕ.

ಹುಲುಗಮ್ಮನಿಗೆ ತಟ್ಟನೆ ಅರ್ಥವಾಯಿತು. ಗೋಣಿತಾಟು, ಕಾಟಾ, ಕಪ್ಪು ಗೀರು, ಬಿರುಕು ಹಿಗ್ಗಿದರೆ ಒಡೆಯುವ ಈ ಗಾಜು ಎಲ್ಲ. ಮೊದಲು ಅವಳಿಗೆ ಆದದ್ದು ಭಯವಲ್ಲ. ಸಂತೋಷ. ಮೆರೆದಳಲ್ಲ ತೂಕ ತೂಕ ಅಂತ, ತಗೋ ಈಗ ಅದರ ಬೆಲೆ, ಅಂದುಕೊಂಡಳು. ಅಷ್ಟರಲ್ಲಿ ಕಣ್ಣೆದುರಿನ ಗಾಜು ‘ಟಿಕ್’ ಅಂತು. ಕೂದಲೆಳೆಯಂಥ ಗೆರೆ ಮೂಡಿ, ಪಟ್ಟಿ ಎರಡಾಯಿತು.

ಮೇಲೆ ಹಂಪಮ್ಮ ನಗುತ್ತಿದ್ದಳು.

ಹುಲುಗಮ್ಮ ಬಾಯಿ ತೆರೆದಳು. ಬೇಕೆಂದೇ ಮತ್ತೆ ಮುಚ್ಚಿದಳು. ಆ ನಗೆ ನಿಲ್ಲುವ ತನಕ ಕಾದಳು. ಆಮೇಲೆ ಗಾದೆಮ್ಮನ ಕೆಮ್ಮು ಕೇಳಿತು. ಹುಲುಗಮ್ಮ ಒದರಿದಳು.

“ಒಡೀತ್ರೀ. ಗಾಜು ಒಡೀತು.”

ಓವರ್‌ಸಿಯರು ಅರ್ಧ ದಾರಿ ಇಳಿದು, ಬಗ್ಗಿ ನೋಡಿ, ಬಿಳಿಚಿಕೊಂಡ. ಹಿಂದೆಯೇ ಬಂದ ಶಿವಯೋಗಪ್ಪ ಅವನ ಹೆಗಲು ತಟ್ಟಿದ. “ಬಿಸಿಲಿಗೆ ಸೀಳೈತಿ. ಇನ್ನೊಂದು ಹಚ್ಚು. ಬಾಡಿಗಿ ಲಾರಿ ಒಂದು ಬರಾಕ ಹೇಳೀನಿ, ಅದನ್ನೂ ಒಂದು ಸಲ ಇವರ ನಡುವ ಹಾಯಿಸಿಬಿಡೋಣು, ಇವತ್ತ ಮುಗೀಲಿ.” ಆಮೇಲೆ ಹುಲುಗಮ್ಮನ ಕಡೆ ತಿರುಗಿದ. ಅವನು ಅವಳ ಮುಖ ನೋಡಿದ್ದು ಅದೇ ಮೊದಲು.

“ನಿನ್ನ ಹೆಸರೇನು? ಹಾಂ, ಹುಲುಗಿ. ಗ್ಯಾಂಗಿಗೆ ನೀ ಮೊದಲು. ಬಾಯಿ ಮುಚಗೊಂಡು ಕುಂದ್ರು.”

“ಹಂಪಮ್ಮಗಿಂತ ಮೊದಲ?”

“ಯಾವ ಹಂಪಿ? ಆಕೀಗೆ ಇಲ್ಲ ಅಂತ ಹೇಳಿಬಿಡ್ತೀನಿ.”

ಹುಲುಗಮ್ಮ ಕುಳಿತಳು. ಕುಳಿತೇ ಇದ್ದಳು. ಗ್ಯಾಂಗಿನ ಖಾಕಿ ಅಂಗಿ ಹಾಕಿಕೊಂಡು ತಾನು ರಸ್ತೆಯಲ್ಲಿ ನಿಂತಿರುವುದು, ಹಂಪಮ್ಮ ಕಳೆ ತೆಗೆಯಲು ಹೋಗುವಾಗ ತನ್ನನ್ನು ಕದ್ದು ನೋಡುವುದು, ಎಲ್ಲ ಕಣ್ಣಿಗೆ ಕಟ್ಟಿತು. ದೂರದಲ್ಲಿ ಲಾರಿಯ ಸದ್ದು ಕೇಳಿತು. ಕಮಾನಿನಿಂದ ಸುಣ್ಣದ ಹುಡಿ ಅವಳ ಕೂದಲ ಮೇಲೆ ಉದುರಿತು.

ತಡೆಗೋಡೆಯ ಮೇಲಿಂದ ಹಂಪಮ್ಮನ ತಲೆ ಇಣುಕಿತು.

“ಅಕ್ಕಾ, ನಿನಗೂ ಒಂದು ಎಲಿ ಹುಗ್ಗಿ ತಗಿಸಿಡ್ತೀನಿ. ಬೆಳಿಗ್ಗಿ ನಕ್ಕೆ, ಮನಸಿಗೆ ಹಚಗೋಬ್ಯಾಡ. ಅಲ್ಲಿ ನೆಳ್ಳೈತಿ, ಮಲಕ್ಕೋ.”

ಆ ಮಾತು ಅವಳನ್ನು ಸುಟ್ಟಷ್ಟು ಕಲ್ಲು ಹೊರಿಸಿದ್ದೂ ಸುಟ್ಟಿರಲಿಲ್ಲ. ಇವಳು ನನಗೆ ಕೊಡುವವಳು. ಇವಳು ನನ್ನ ಮೇಲೆ ಕನಿಕರ ತೋರಿಸುವವಳು. ಹುಲುಗಮ್ಮ ಎದ್ದು, ಉಸುಕು ಕೊಡವಿ, ದಡ ಹತ್ತಿ ಸೇತುವೆಯ ಮೇಲೆ ಬಂದು ನಿಂತಳು. ಕೊಡುವುದಾದರೆ ತಾನೇ ಕೊಡಬೇಕು ಇವಳಿಗೆ.

“ಇಳೀರಿ ಎಲ್ಲಾರು. ಗಾಜು ಒಡದೈತಿ. ಇದು ಬೀಳ್ತೈತಿ. ಉಸುಕಿನ ಚೀಲದ ಬದಲಿ ನಿಮ್ಮನ್ನ ನಿಂದರಿಸ್ಯಾರ.”

ಹಂಪಮ್ಮ ಸೊಂಟದ ಮೇಲೆ ಕೈ ಇಟ್ಟಳು.

“ತಡಕೊಳ್ಳಾಕ ಆಗ್ಲಿಲ್ಲ ನೋಡು ನಿನಗ. ಕಲ್ಲು ಕಟಿಗೊಂಡು ಬಂದಿ, ಅದೂ ಆಗ್ಲಿಲ್ಲ. ಈಗ ಎಲ್ಲಾರನ್ನೂ ಇಳಿಸಾಕ ಬಂದಿ. ನಿನ್ನ ಹೊಟ್ಟಿಕಿಚ್ಚಿಗೆ ಈ ಸೇತುವಿ ಸುಟ್ಟು ಬೀಳಬೇಕ ಹೊರತು ಮತ್ಯಾತಕ್ಕೂ ಬೀಳೂದಿಲ್ಲ.”

ಜನ ಹೌದೆಂಬಂತೆ ತಲೆಯಾಡಿಸಿದರು. ಹುಲುಗಮ್ಮನ ಹೊಟ್ಟೆ ಎಂಥದೆಂದು ಕೇರಿಗೆಲ್ಲ ಗೊತ್ತಿತ್ತು.

“ಹೊಟ್ಟಿಕಿಚ್ಚು ಐತಿ,” ಅಂದಳು ಹುಲುಗಮ್ಮ. “ನಿನ್ನ ಕಂಡ್ರ ನನ್ನ ಕರಳು ಉರೀತಾವ. ಗಾಜು ಒಡದಿದ್ದೂ ಖರೇ. ಬಾಯಿ ಮುಚಗೊಂಡಿದ್ರ ನಿನ್ನ ಗ್ಯಾಂಗು ನನಗಿತ್ತು. ಸಾವ್ಕಾರ ಈಗ ಒಪ್ಪಿದ್ದ.”

ಹಂಪಮ್ಮನ ಕೈ ಸೊಂಟದಿಂದ ಕೆಳಗಿಳಿಯಿತು. ಈ ಮಾತನ್ನು ಹುಲುಗಮ್ಮ ಕಟ್ಟಿ ಹೇಳುವವಳಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಾದೆಮ್ಮ ದಡದ ಕಡೆ ಕೈ ಮಾಡಿದಳು.

“ಸಾವ್ಕಾರ್ರ, ಇಕಿ ಹಿಂಗಂತಾಳ. ಸುಳ್ಳಾದ್ರ ಒಂದೀಟು ಬಂದು ನಮ್ಮ ಬಾಜೂಕ ನಿಂದರ್ರಿ. ಮುಟ್ಟೂದಿಲ್ಲ, ಸರದು ಜಾಗ ಬಿಡ್ತೀವಿ.”

ಶಿವಯೋಗಪ್ಪ ನಕ್ಕ. “ನನಗ ಬಿಸಿಲು ಆಗಿಬರೂದಿಲ್ಲಬೇ.”

“ಓವರ್‌ಸಿಯರ್ರ?”

ಓವರ್‌ಸಿಯರು ಜೀಪಿನ ಕಡೆ ತಿರುಗಿದ. ಜನರನ್ನು ಸುಮ್ಮನಿರಿಸಲು ಬಂದಿದ್ದ ಕರಿಸಿದ್ದಪ್ಪನ ಒಂದು ಕಾಲು ಸೇತುವೆಯ ಅಂಚಿನಲ್ಲಿತ್ತು. ಅವನು ಅದನ್ನು ಮೆಲ್ಲಗೆ ಹಿಂದೆಗೆದುಕೊಂಡ. ಕೇರಿಯ ಅಷ್ಟೂ ಕಣ್ಣುಗಳು ಆ ಕಾಲನ್ನೇ ನೋಡುತ್ತಿದ್ದವು.

ಯಾರೂ ಓಡಲಿಲ್ಲ. ಒಬ್ಬರ ಹಿಂದೆ ಒಬ್ಬರು ಹೆಜ್ಜೆ ಹಗುರ ಮಾಡಿ ದಡಕ್ಕೆ ಬಂದರು. ಬಂದವರು ಕೊಪ್ಪರಿಗೆಯ ಕಡೆ ಹೋಗಲಿಲ್ಲ, ಕೇರಿಯ ದಾರಿಯನ್ನೂ ಹಿಡಿಯಲಿಲ್ಲ. ಕುರ್ಚಿಗಳ ಸುತ್ತ ನಿಂತರು. ಗಳದ ಹತ್ತಿರ ಬಂದಿದ್ದ ಲಾರಿಯ ಡ್ರೈವರು ಎಂಜಿನ್ ಆರಿಸಿ ಕೆಳಗಿಳಿದ.

“ದೂರ ಸರೀರಲೇ, ಸೂಳೆಮಕ್ಕಳ್ರ. ಮೈಮ್ಯಾಲ ಬೀಳ್ತೀರೇನು?” ಶಿವಯೋಗಪ್ಪ ಏಳಲು ಹೋದ.

ಎಡಗೈ ಹಿಡಿಯಲೆಂದು ಹುಲುಗಮ್ಮ ಮುಂದಾದಳು. ಅಷ್ಟರಲ್ಲಿ ಅವನ ಬಲಗೈ ಹಂಪಮ್ಮನ ಮುಷ್ಟಿಯಲ್ಲಿತ್ತು. ಇಲ್ಲಿಯೂ ಇವಳೇ ಮೊದಲು. ಸತ್ಯ ತಂದವಳು ತಾನು, ಕಲ್ಲು ಹೊತ್ತು ಕುಳಿತವಳು ತಾನು, ಕೈ ಹಿಡಿದವಳು ಇವಳು. ಹುಲುಗಮ್ಮ ಹಲ್ಲು ಕಚ್ಚಿ ಎಡಗೈಯನ್ನು ಹಿಡಿದಳು, ಬೆರಳು ಒಳಗಿಳಿಯುವ ಹಾಗೆ. ಉಂಗುರಗಳ ಕೈ ಮೆತ್ತಗೆ, ಬೆವತು, ಬಾಣಂತಿಯ ಕೈಯಂತಿತ್ತು.

“ಮುಟ್ಟಿದ್ರಲ್ಲಲೇ,” ಎಂದ ಸಾವುಕಾರ. ದನಿ ಅವನದಾಗಿರಲಿಲ್ಲ. ಓವರ್‌ಸಿಯರನ ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಕರಿಸಿದ್ದಪ್ಪ ಬೆತ್ತ ಹಿಡಿದು ನಿಂತೇ ಇದ್ದ.

“ನಡೀರಿ ಸಾವ್ಕಾರ್ರ,” ಎಂದಳು ಹಂಪಮ್ಮ. “ನಿಮ್ಮ ತೂಕ ಒಂದು ಉಳದೈತಿ.”

ಅವನ ಎರಡೂ ಕಾಲು ಮಣ್ಣಿನಲ್ಲಿ ಗೆರೆ ಎಳೆಯುತ್ತ ಬಂದವು. ಸೇತುವೆ ಮುಟ್ಟುವಾಗ ಹುಲುಗಮ್ಮ ಒಂದು ಹೆಜ್ಜೆ ಬಿರುಸು ಮಾಡಿ, ಹಂಪಮ್ಮನಿಗಿಂತ ಮೊದಲು ಕಲ್ಲಿನ ಮೇಲೆ ಕಾಲಿಟ್ಟಳು.