ಲೆಫ್ಟ್ ಕಾರ್ನರಿಗೆ ಸನ್ಮಾನ

ಕೋಟೆ ಬಳಗದ ಹೆಣ್ಣುಮಕ್ಕಳ ಕಬಡ್ಡಿ ತಂಡದಿಂದ ಸ್ನೇಹಾಳನ್ನು ಬಿಡುವುದೆಂದು ತೀರ್ಮಾನವಾದದ್ದು ಕಂಪ್ಲಿಯಲ್ಲಿ, ಉಜ್ಜಿನಪ್ಪನವರ ರೈಸ್‌ಮಿಲ್ಲಿನ ಆಫೀಸಿನಲ್ಲಿ, ಒಗ್ಗರಣೆ ಮಿರ್ಚಿ ತಿನ್ನುತ್ತಾ. ಮಿರ್ಚಿ ಮುಗಿಯುವಷ್ಟರಲ್ಲಿ ತೀರ್ಮಾನವೂ ಮುಗಿದಿತ್ತು.

ಕಮಿಟಿಯಲ್ಲಿ ನಾಲ್ಕು ಜನ. ತಂಡದ ಖರ್ಚು ಹೊರುವ ಉಜ್ಜಿನಪ್ಪ, ತಾಲೀಮು ಕೊಡುವ ಭರಮಣ್ಣ, ಎಲ್ಲದಕ್ಕೂ ಹೂಂ ಎನ್ನುವ ಉಜ್ಜಿನಪ್ಪನ ತಮ್ಮ, ಮತ್ತು ಹೇಮಾವತಿ. ಹೇಮಾವತಿ ಮನೆಯಲ್ಲಿ ಕುಬುಸ ಹೊಲಿಯುವವಳು. ಹೆಣ್ಣುಮಕ್ಕಳ ತಂಡ ಪರಊರಿಗೆ ಹೋಗಬೇಕಾದರೆ ಜೊತೆಗೆ ಒಬ್ಬ ಲೇಡಿ ಮ್ಯಾನೇಜರ್ ಇರಲೇಬೇಕೆಂಬ ನಿಯಮ ಇದ್ದುದರಿಂದ ಅವಳು ಕಮಿಟಿಗೆ ಬಂದಿದ್ದಳು. ಬಂದು ಮೂರು ವರ್ಷವಾದರೂ ಸಭೆಯಲ್ಲಿ ಅವಳ ದನಿ ಯಾರೂ ಕೇಳಿರಲಿಲ್ಲ. ಮಾತಾಡಬೇಕೆಂದು ಅನಿಸುತ್ತಿರಲಿಲ್ಲ ಅಂತಲ್ಲ. ತಾನು ಹೇಳುವುದು ಸರಿಯೋ ತಪ್ಪೋ ಎಂದು ಅವಳು ಒಳಗೊಳಗೇ ತೂಗಿ ನೋಡುತ್ತಿದ್ದಳು. ಸರಿ ಎಂದು ಖಾತ್ರಿಯಾಗುವ ಹೊತ್ತಿಗೆ ಎಲ್ಲರೂ ಎದ್ದು ಚಪ್ಪಲಿ ಮೆಟ್ಟುತ್ತಿರುತ್ತಿದ್ದರು.

ಯಶವಂತನಗರದಿಂದ ಸ್ಫೂರ್ತಿ ಎಂಬ ಹುಡುಗಿ ಬರುತ್ತಾಳೆ ಎಂದು ಭರಮಣ್ಣ ಹೇಳಿದ. ಕಳೆದ ವರ್ಷ ಸಂಡೂರಿನ ತಂಡಕ್ಕೆ ಆಡಿದವಳು, ಮೂಲೆಯಲ್ಲಿ ನಿಂತು ದಾಳಿಗೆ ಬಂದವರ ಪಾದಕ್ಕೆ ಕೈ ಹಾಕಿದಳೆಂದರೆ ಮುಗಿಯಿತು. ಅವಳು ಬಂದರೆ ಎಡ ಮೂಲೆ ಅವಳಿಗೆ. ಹಾಗಾದರೆ ಈಗ ಅಲ್ಲಿ ಆಡುವ ಸ್ನೇಹಾ?

"ಆಕಿ ಮದಿವಿ ವಯಸ್ಸಿನಾಕಿ," ಅಂದ ಭರಮಣ್ಣ. "ಗಂಗಾವತಿಯಿಂದ ನೋಡಾಕ ಬಂದಿದ್ರಂತ. ನಾವು ಮೂರು ತಿಂಗಳು ತಾಲೀಮು ಕೊಡೋದು, ಆಕಿ ಅರಿಶಿಣ ಹಚ್ಚಿಕೊಂಡು ಹೋಗೋದು. ಆಮ್ಯಾಲೆ ಮ್ಯಾಟಿನ ಮ್ಯಾಲೆ ಯಾರು ನಿಲ್ತಾರ?"

ಬಲ ಮೂಲೆಯ ಮಾತು ಯಾರೂ ಎತ್ತಲಿಲ್ಲ. ಬಲ ಮೂಲೆಯಲ್ಲಿ ಆಡುವವಳು ಉಜ್ಜಿನಪ್ಪನ ತಮ್ಮನ ಮಗಳು. ಹೋದ ವರ್ಷ ಫೈನಲ್‌ನಲ್ಲಿ ದಾಳಿಗಾರ್ತಿ ನುಸುಳಿ ಹೋದದ್ದೆಲ್ಲ ಆ ಮೂಲೆಯಿಂದಲೇ. ಅದನ್ನು ಊರು ನೋಡಿತ್ತು, ಕಮಿಟಿ ಮಾತ್ರ ನೋಡಿರಲಿಲ್ಲ.

"ಸುಮ್ನ ಹೋಗು ಅನ್ನಬಾರ್ದು, ನಮ್ಮೂರ ಮಗಳು," ಎಂದು ಉಜ್ಜಿನಪ್ಪ ಕೈ ಒರೆಸಿಕೊಂಡರು. "ಭಾನುವಾರ ಸಾಲಿ ಬಯಲಿನಾಗ ಒಂದು ಸನ್ಮಾನ ಇಟ್ಟುಬಿಡೋಣ. ಶಾಲು ಹೊದಿಸಿ, ಉಡಿ ತುಂಬಿ ಕಳಿಸೋಣ. ಹೇಮವ್ವಾ, ಉಡಿ ನೀನಾ ತುಂಬು."

ಉಡಿ ತುಂಬುವುದೆಂದರೆ ಸಣ್ಣ ಮಾತಲ್ಲ. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಅಕ್ಕಿ, ಕಾಯಿ, ಉತ್ತತ್ತಿ, ಕುಬುಸದ ಕಣ ಹಾಕಿ, ಚೆನ್ನಾಗಿರು ಎಂದು ಹರಸಿ ಕಳಿಸುವುದು. ಸೆರಗೊಡ್ಡಿ ಉಡಿ ತುಂಬಿಸಿಕೊಂಡವಳು ಅದನ್ನು ಹಿಂದಕ್ಕೆ ಕೊಡುವಂತಿಲ್ಲ, ಹೊಸಿಲಲ್ಲಿ ನಿಂತು ಜಗಳ ಆಡುವಂತಿಲ್ಲ. ಹೊರಗೆ ಹಾಕಬೇಕೆನ್ನುವವರಿಗೆ ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ಬೇರೆ ಇಲ್ಲ. ಹೇಮಾವತಿಗೆ ಇದು ಹೊಳೆಯುವಷ್ಟರಲ್ಲಿ ಭರಮಣ್ಣ ಬೈಕು ಚಾಲೂ ಮಾಡಿದ್ದ.

ಮನೆಗೆ ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಜಂಬಯ್ಯನ ಚಹಾದ ಅಂಗಡಿ. ಹೊಸಪೇಟೆಯ ಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟಿನಿಂದ ಕಪ್ಪು ಕೈತಪ್ಪಿದ ದಿನದಿಂದ ಆ ಅಂಗಡಿಯಲ್ಲಿ ಮುಂದಿನ ವರ್ಷದ ತಂಡ ಕಟ್ಟುತ್ತಲೇ ಇದ್ದರು. ಆಟವಿಲ್ಲದ ತಿಂಗಳುಗಳಲ್ಲಿ ಅವರಿಗೆ ಅದೇ ಆಟ. ಸ್ಫೂರ್ತಿ ಬರುವ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಜಂಬಯ್ಯ ಏಳು ಚಹಾ ಗ್ಲಾಸುಗಳನ್ನು ಕಟ್ಟೆಯ ಮೇಲೆ ಬಿಲ್ಲಿನಂತೆ ಬಾಗಿಸಿ ಇಟ್ಟಿದ್ದ. ಎಡ ತುದಿಯ ಗ್ಲಾಸು ಸ್ನೇಹಾ, ಬಲ ತುದಿಯದು ಸ್ಫೂರ್ತಿ.

"ಎರಡೂ ದಂಡಿಗೆ ಎರಡು ಮೊಸಳಿ ಮಲಗಿದಂಗ," ಎಂದು ಅವನು ಸುತ್ತ ನಿಂತವರಿಗೆ ಹೇಳುತ್ತಿದ್ದ. "ನಡುವ ಇಳಿದಾಕಿ ಹೊಳ್ಳಿ ಹ್ಯಾಂಗ ಹೋಗ್ತಾಳ? ಹೌದಲ್ರಿ ಅಕ್ಕಾರ? ಈ ಸಲ ಕಪ್ಪು ನಮ್ದ."

ಎಲ್ಲರೂ ಹೇಮಾವತಿಯ ಕಡೆ ತಿರುಗಿದರು. ಅವಳಿಗೆ ಕೆನ್ನೆ ಬಿಸಿಯಾಯಿತು. ಹಾಲಿಗೆ ಹೊತ್ತಾಯಿತು ಎಂದೇನೋ ಗೊಣಗಿ ಮುಂದೆ ನಡೆದಳು. ಚಹಾ ಮಾರುವವನಿಗೆ ಹೊಳೆದದ್ದು ತಂಡ ನಡೆಸುವವರಿಗೆ ಹೊಳೆಯಲಿಲ್ಲವೇ? ಹೊಳೆದೇ ಇರುತ್ತದೆ. ಹೊಳೆದೂ ಮಾಡಲಿಲ್ಲ. ಆ ಯೋಚನೆಗೆ ಅವಳ ನಡಿಗೆ ಬಿರುಸಾಯಿತು, ಹಿಂದೆಯೇ ಇನ್ನೊಂದು ಯೋಚನೆ ಬಂದು ನಡಿಗೆ ನಿಧಾನವಾಯಿತು: ಅಲ್ಲೇ ಕುಳಿತಿದ್ದ ನಾನು ಏನು ಅಂದೆ?

ಸ್ನೇಹಾಳಿಗೆ ತಾನೇ ಮೊದಲು ತಿಳಿಸಬೇಕೆಂದು ಮರುದಿನ ಅವಳ ಮನೆಗೆ ಹೋದಳು. ಅಷ್ಟರಲ್ಲಿ ಭರಮಣ್ಣ ಬಂದು ಹೋಗಿದ್ದ. ಭಾನುವಾರ ಸನ್ಮಾನ ಇದೆ, ಸೀರೆ ಉಟ್ಟುಕೊಂಡು ಬಾ ಎಂದಷ್ಟೇ ಹೇಳಿದ್ದ. ಯಾಕೆಂದು ಹೇಳಿರಲಿಲ್ಲ. ತಾಯಿ ಗಾಳೆಮ್ಮ ಬಾಳೆಗೊನೆ ಲಾರಿಗೆ ಹೇರುವ ಕೆಲಸದಿಂದ ಬಂದವಳು ಇನ್ನೂ ಕೈ ತೊಳೆದಿರಲಿಲ್ಲ, ಮೊಣಕೈವರೆಗೂ ಬಾಳೆಯ ಕರೆ. ಕೈ ತಾಗದಂತೆ ಮೊಣಕೈಯಿಂದಲೇ ತೋರಿಸಿದಳು: ಓಣಿಯಲ್ಲಿ ಯಾರದೋ ಮನೆಯಿಂದ ಕೇಳಿ ತಂದ ರೇಷ್ಮೆ ಸೀರೆ, ಅದರ ಮೇಲೆ ಒಂದು ಕುಬುಸ.

"ಭುಜದಾಗ ಭಾಳ ಸಡ್ಲ ಆಗ್ತದವ್ವಾ. ಚೂರು ಹಿಡಿದು ಕೊಡು," ಅಂದಳು. "ಕ್ಯಾಪ್ಟನ್ ಮಾಡ್ತಾರಂತ ಕಾಣ್ತದ. ಮಂದಿ ಮುಂದ ಜೋಲು ಜೋಲು ಆಗಬಾರ್ದು."

ಹೇಮಾವತಿ ಟೇಪು ತೆಗೆದಳು. ಸ್ನೇಹಾ ಗೋಡೆಯ ಕಡೆ ಮುಖ ಮಾಡಿ ನಿಂತು, ತಾನು ಕ್ಯಾಪ್ಟನ್ ಆದರೆ ಮೊದಲು ಬಲ ಮೂಲೆ ಗಟ್ಟಿ ಮಾಡುವುದು, ಸ್ಫೂರ್ತಿಯನ್ನು ಅಲ್ಲಿ ನಿಲ್ಲಿಸುವುದು, ಇಬ್ಬರೂ ಕಣ್ಸನ್ನೆಯಲ್ಲೇ ನುಗ್ಗುವುದು ಎಂದು ಹೇಳುತ್ತಲೇ ಇದ್ದಳು. ಸಪೂರವಾದರೂ ಗಟ್ಟಿ ಭುಜ, ಮೊಣಕೈ ಮೇಲೆ ಮ್ಯಾಟು ಉಜ್ಜಿ ಕಪ್ಪಾದ ಚರ್ಮ. ಟೇಪಿನ ಅಂಕಿ ಹೇಮಾವತಿಯ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ಒಂದೇ ಭುಜವನ್ನು ಎರಡೆರಡು ಸಲ ಅಳೆದಳು. ಆಮೇಲೆ ಬೆನ್ನಿಗೆ ಹೇಳಿದಂತೆ ಎಲ್ಲವನ್ನೂ ಹೇಳಿಬಿಟ್ಟಳು. ಮುಖ ನೋಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಸ್ನೇಹಾ ತಿರುಗಲಿಲ್ಲ. ಗಾಳೆಮ್ಮ ಕರೆ ಹತ್ತಿದ ಕೈಯಿಂದಲೇ ಬಾಗಿಲ ಚೌಕಟ್ಟು ಹಿಡಿದು ಕುಳಿತಳು.

"ಗಂಗಾವತಿಯವ್ರಿಗೆ ನಾನಾ ಒಲ್ಲೆ ಅಂದೆ," ಎಂದಳು ಸ್ನೇಹಾ ಕೊನೆಗೆ. "ಕಪ್ಪು ಗೆದ್ದ ಮ್ಯಾಲೆ ನೋಡೋಣ ಅಂದೆ. ಅದಕ್ಕ ಅವ್ವ ನನ್ನ ಕೂಡ ಮಾತು ಬಿಟ್ಟಿದ್ಲು. ಬಂದದ್ದು ಊರಿಗೆಲ್ಲ ಗೊತ್ತು, ಹೊಳ್ಳಿ ಹೋದದ್ದು ಯಾರಿಗೂ ಗೊತ್ತಿಲ್ಲೇನು? ನನ್ನ ಒಂದು ಮಾತು ಕೇಳಿದ್ರ ಏನು ಗಂಟು ಹೋಗ್ತಿತ್ತು?" ಸ್ವಲ್ಪ ತಡೆದು, "ನೀವು ಅಲ್ಲೇ ಇದ್ರ್ಯಾ ಅಕ್ಕಾ?"

"ಇದ್ದೆ."

"ಏನಂದ್ರಿ?"

ಹೇಮಾವತಿ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸ್ನೇಹಾ ಕುಬುಸವನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿ ಸೀರೆಯ ಮೇಲಿಟ್ಟಳು. "ಇದನ್ನ ಹೊಲೀಬ್ಯಾಡ್ರಿ," ಅಂದಳು.

ಭಾನುವಾರ ಇಳಿಹೊತ್ತಿಗೆ ಶಾಲೆಯ ಬಯಲು ತುಂಬಿತ್ತು. ಹೊಸ ಮ್ಯಾಟು ಹಾಸಿದ್ದರು. ವೇದಿಕೆಯ ಹಿಂದೆ ಕಟ್ಟಿದ ಬ್ಯಾನರಿನಲ್ಲಿ ಉಜ್ಜಿನಪ್ಪನವರ ಮುಖ ಮೊರದಗಲ, ಆಟಗಾರ್ತಿಯರ ಮುಖ ಅಡಿಕೆಯಷ್ಟು. ಸ್ಫೂರ್ತಿ ಹೊಸ ಜೆರ್ಸಿ ಹಾಕಿಕೊಂಡು ವೇದಿಕೆಯ ಅಂಚಿನಲ್ಲಿ ಕುಳಿತಿದ್ದಳು. ಇದೆಲ್ಲ ತನ್ನಿಂದಲೇ ಎಂದು ಗೊತ್ತಾದವಳಂತೆ ಅವಳು ತಲೆ ಎತ್ತುತ್ತಿರಲಿಲ್ಲ. ಜಂಬಯ್ಯ ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಯಾರಿಗೆ ಯಾತಕ್ಕೆ ಸನ್ಮಾನ ಎಂದು ಅವನಿಗೂ ಗೊತ್ತಿರಲಿಲ್ಲ.

ಉಜ್ಜಿನಪ್ಪ ಮೈಕು ಹಿಡಿದು ಹೆಣ್ಣುಮಗಳ ಬಾಳಿನಲ್ಲಿ ಆಟಕ್ಕೆ ಒಂದು ಕಾಲ, ಸಂಸಾರಕ್ಕೆ ಒಂದು ಕಾಲ ಎಂದು ಶುರುಮಾಡಿದರು. ಸ್ನೇಹಾ ಊರಿಗೆ ಕೊಟ್ಟದ್ದನ್ನು ಊರು ಮರೆಯುವುದಿಲ್ಲ, ಅವಳು ಹೋದ ಮನೆ ಬೆಳಗಲಿ ಎಂದರು. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಅಷ್ಟರಲ್ಲಿ ಸ್ನೇಹಾ ಬಂದಳು. ಕಳೆದ ವರ್ಷದ ಜೆರ್ಸಿ, ಮೊಣಕಾಲಿಗೆ ಪಟ್ಟಿ, ಬರಿಗಾಲು. ಜಡೆಯನ್ನು ಆಟದ ದಿನದಂತೆ ಬಿಗಿಯಾಗಿ ಸುತ್ತಿ ಕಟ್ಟಿದ್ದಳು.

"ಸೀರಿ ಎಲ್ಲೇ?" ಎಂದು ಭರಮಣ್ಣ ಹಲ್ಲು ಕಚ್ಚಿ ಕೇಳಿದ.

"ಪ್ರಾಕ್ಟೀಸಿಗೆ ಬಂದೀನಿ ಸರ್."

ಉಜ್ಜಿನಪ್ಪ ನಗುತ್ತಲೇ ಉಡಿ ತುಂಬಲು ಹೇಳಿದರು. ಹೇಮಾವತಿ ಮೊರ ಎತ್ತಿಕೊಂಡು ಬಂದಳು. ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿಣದ ಕೊಂಬು, ಎಲ್ಲವೂ ಅದರಲ್ಲಿದ್ದವು. ಸ್ನೇಹಾ ಎರಡು ಕೈಯನ್ನೂ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತಿದ್ದಳು. ಜೆರ್ಸಿಗೆ ಸೆರಗೆಲ್ಲಿ? ಒಂದು ಗಳಿಗೆ ವೇದಿಕೆಯ ಮೇಲಿನವರೆಲ್ಲ ಅವಳ ಹೊಟ್ಟೆಯ ಕಡೆಯೇ ನೋಡಿದರು, ಅಲ್ಲಿ ಸೆರಗು ಮೂಡೀತೇನೋ ಎಂಬಂತೆ. ಆಮೇಲೆ ಭರಮಣ್ಣ ಚುರುಕಾದ. ಸನ್ಮಾನದ ಶಾಲನ್ನು ಬಿಚ್ಚಿ ಅವಳ ಹೆಗಲಿಗೆ ಹಾಕಿ, ಎರಡು ತುದಿಯನ್ನೂ ಮುಂದಕ್ಕೆ ಎಳೆದು ಜೋಳಿಗೆಯಂತೆ ಹಿಡಿದ.

"ಇದರಾಗ ಹಾಕ್ರಿ ಅಕ್ಕಾರ, ಜಲ್ದಿ."

ಈಗ ಹಾಕಲು ಜಾಗವಿತ್ತು. ಹಾಕದೇ ಇರಲು ಯಾವ ನೆವವೂ ಇರಲಿಲ್ಲ. ಹೇಮಾವತಿಯ ಒಳಗಿನ ತಕ್ಕಡಿ ಎಂದಿನಂತೆ ತೂಗಲು ಶುರುಮಾಡಿತು. ತುಂಬಿದ ಸಭೆ, ತಂಡದ ಖರ್ಚು ಹೊರುವ ಮನುಷ್ಯ, ಮೂರು ವರ್ಷದ ಗೌರವ. ಎದುರಿಗೆ ಆ ಕಪ್ಪಾದ ಮೊಣಕೈ. ಅವಳು ಮೊರವನ್ನು ಮೇಜಿನ ಮೇಲೆ ಮೈಕಿನ ಪಕ್ಕದಲ್ಲೇ ಇಟ್ಟಳು.

"ಈಕಿ ಎಲ್ಲಿಗೂ ಹೊಂಟಿಲ್ಲ ಸಾವ್ಕಾರ್ರ," ಅಂದಳು. ಮೈಕು ಚಾಲೂ ಇದ್ದುದರಿಂದ ಅವಳ ದನಿ ಬಯಲಿನ ಕೊನೆಯವರೆಗೂ ಹೋಯಿತು. "ಹೋಗದಾಕಿಗೆ ಉಡಿ ತುಂಬಬಾರ್ದು."

ಗಂಗಾವತಿಯ ಸಂಬಂಧ ಎಂದೇನೋ ಉಜ್ಜಿನಪ್ಪ ಶುರುಮಾಡಿದರು. ಕೆಳಗೆ ಗಾಳೆಮ್ಮ ಎದ್ದು ನಿಂತಳು. "ಅವ್ರು ಬಂದ ದಾರಿ ಹಿಡಿದು ಹೋಗಿ ಎಷ್ಟೋ ದಿನ ಆತು ಧಣಿ. ಹಡೆದಾಕಿನ್ನ ಕೇಳಲಿಲ್ಲ, ಆಡೋ ಹುಡುಗಿನ್ನ ಕೇಳಲಿಲ್ಲ. ನನ್ನ ಮಗಳ ಮದಿವಿ ನೀವ್ಯಾಕ ಮಾಡಿ ಮುಗಿಸಿದ್ರಿ?"

ಆಗ ಊರಿಗೆ ಅರ್ಥವಾಯಿತು. ಜಂಬಯ್ಯ ಎದ್ದು ನಿಂತು ತನ್ನ ಗ್ಲಾಸುಗಳ ಲೆಕ್ಕವನ್ನು ಒಪ್ಪಿಸಿದ. ಬಲಗಡೆ ಯಾರ ಮನೆಯ ಮಗಳು ನಿಂತಿದ್ದಾಳೆ ಎಂಬುದು ತಮಗೂ ಗೊತ್ತು ಎಂದು ಹಿಂದಿನಿಂದ ಯಾರೋ ಕೂಗಿದರು. ಉಜ್ಜಿನಪ್ಪನ ನಗು ಆರಿತು. ತಂಡ ನಡೆಯುವುದು ಯಾರ ದುಡ್ಡಿನಲ್ಲಿ ಎಂದು ಕೇಳಿದರು.

"ದುಡ್ಡು ನಿಮ್ದ ರಿ," ಅಂದಳು ಹೇಮಾವತಿ. "ಹಂಗಾದ್ರ ಹೊಸಪ್ಯಾಟಿಗೆ ನಾನು ಬರಂಗಿಲ್ಲ. ಬ್ಯಾರೆ ಮ್ಯಾನೇಜರ್ ನೋಡಿಕೊಳ್ರಿ."

"ನೋಡೋದೇನು, ನಮ್ಮ ಮನಿಯಾಕಿ ಬರ್ತಾಳ."

ಅವರ ಹೆಂಡತಿ ಗಂಗಾಂಬಿಕಾ ಮೊದಲ ಕುರ್ಚಿಯಲ್ಲಿ ಕುಳಿತಿದ್ದರು. ಇಡೀ ಬಯಲು ಅವರ ಕಡೆ ನೋಡಿತು. "ನಾನು ಒಲ್ಲೆ," ಅಂದರು ಅವರು, ಸೆರಗು ಸರಿಮಾಡಿಕೊಳ್ಳುತ್ತಾ. "ಗಾಡಿ ಏರಿದ್ರ ನನಗ ವಾಂತಿ ಬರ್ತದ. ಮತ್ತ, ಹೋಗದ ಹುಡುಗಿಗೆ ಉಡಿ ತುಂಬಿಸಿದ ಪಾಪ ನಮ್ಮ ಮನಿಗೆ ಬ್ಯಾಡ."

ನಗು ಅಲೆಯಂತೆ ಹೋಯಿತು. ಉಜ್ಜಿನಪ್ಪ ಮೈಕನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ದನಿ ಬದಲಿಸಿ, ಅಭಿಮಾನಿಗಳ ಪ್ರೀತಿಗೆ ಮಣಿದು ತಾವು ಇಬ್ಬರು ಆಟಗಾರ್ತಿಯರನ್ನೂ ಇಟ್ಟುಕೊಳ್ಳುವುದಾಗಿ ಸಾರಿದರು. ಚಪ್ಪಾಳೆ ಬಿತ್ತು. ಭರಮಣ್ಣ ಸ್ನೇಹಾಳ ಹೆಗಲಿನ ಶಾಲನ್ನು ತೆಗೆದು, ಒಮ್ಮೆ ಕೊಡವಿ, ದೊಡ್ಡ ಮನಸ್ಸು ಮಾಡಿದ ಉಜ್ಜಿನಪ್ಪನವರಿಗೆ ಹೊದಿಸಿದ. ಇನ್ನಷ್ಟು ಚಪ್ಪಾಳೆ ಬಿತ್ತು.

ಹೇಮಾವತಿಗೆ ಮೈ ಉರಿದುಹೋಯಿತು. ಕಿತ್ತುಕೊಂಡವನೇ ಹಿಂದಕ್ಕೆ ಕೊಟ್ಟು ದಾನಿಯಾದ! ಅದೂ ಪೂರ್ತಿ ಕೊಡಲಿಲ್ಲ. ಇಟ್ಟುಕೊಳ್ಳುತ್ತೇವೆ ಎಂದರು, ಎಲ್ಲಿ ನಿಲ್ಲಿಸುತ್ತೇವೆ ಎನ್ನಲಿಲ್ಲ. ಇಟ್ಟುಕೊಂಡವರನ್ನು ಮ್ಯಾಟಿನ ಹೊರಗೆ ಬೆಂಚಿನ ಮೇಲೂ ಇಡಬಹುದು. ಜನ ಏಳತೊಡಗಿದ್ದರು. ಅವಳು ಈ ಸಲ ತೂಗಲಿಲ್ಲ.

"ಎಡ ಮೂಲಿ ಯಾರದು, ಬಲ ಮೂಲಿ ಯಾರದು ಸಾವ್ಕಾರ್ರ?"

ಅದನ್ನೆಲ್ಲ ನಾಳೆ ಕಮಿಟಿಯಲ್ಲಿ ನೋಡೋಣ ಎಂದರು ಉಜ್ಜಿನಪ್ಪ.

"ಕಮಿಟ್ಯಾಗ ನಾನೂ ಇದ್ದೀನಿ. ಈಗ ಹೇಳ್ರಿ."

ಎದ್ದವರು ಮತ್ತೆ ಕುಳಿತರು. ಉಜ್ಜಿನಪ್ಪ ತಮ್ಮನ ಕಡೆ ನೋಡಿದರು. ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಹೂಂ ಎನ್ನದೆ ನೆಲ ನೋಡುತ್ತಿದ್ದ. ಸಂಜೆಯ ಸೆಕೆಗೆ ಉಜ್ಜಿನಪ್ಪನವರ ಮೈಗೆ ಶಾಲು ಅಂಟಿಕೊಂಡಿತ್ತು, ಅದನ್ನು ತೆಗೆಯುವಂತೆಯೂ ಇರಲಿಲ್ಲ.

"ಸ್ನೇಹಾಗ ಎಡ, ಸ್ಫೂರ್ತಿಗೆ ಬಲ," ಎಂದು ಅವರು ನಾಯಿಗೆ ರೊಟ್ಟಿ ಎಸೆದಂತೆ ಎಸೆದರು. "ಸಾಕಾ?"

ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ಫೂರ್ತಿ ಎದ್ದು ಹೋಗಿ ಮ್ಯಾಟಿನ ಬಲ ತುದಿಯಲ್ಲಿ ನಿಂತಳು. ಸ್ನೇಹಾ ಎಡಕ್ಕೆ ಹೋದಳು. ಹೋಗುವಾಗ, ಆ ಅಕ್ಕಿಯನ್ನು ಏನು ಮಾಡುತ್ತೀರಿ ಎಂದು ಹೇಮಾವತಿಯನ್ನು ಕೇಳಿದಳು. ನಾಳೆ ಬೆಳಗಿನ ಪ್ರಾಕ್ಟೀಸಿಗೆ ಚಿತ್ರಾನ್ನ, ಎಲ್ಲ ಹುಡುಗಿಯರಿಗೂ, ಎಂದಳು ಹೇಮಾವತಿ. ಮೊರ ಎತ್ತಿಕೊಂಡು ಅವಳು ದಡದಡನೆ ವೇದಿಕೆ ಇಳಿದಳು. ಹೆದರಿಕೆಗೆ ಅಲ್ಲ. ಒಂದು ಪ್ರಶ್ನೆ ಕೇಳುವುದಕ್ಕೆ ಇಡೀ ಊರು ಬಯಲಿಗೆ ಬರಬೇಕಾಯಿತಲ್ಲ, ಮಿರ್ಚಿ ತಿನ್ನುತ್ತಿದ್ದ ಆ ದಿನವೇ ಕೇಳಬಹುದಿತ್ತಲ್ಲ ಎಂದು ತನ್ನ ಮೇಲೇ ಬಂದ ಸಿಟ್ಟಿಗೆ.